ಹಿಪ್ ರಿಪ್ಲೇಸ್‌ಮೆಂಟ್‌ಗೆ ಎಷ್ಟು ಬಾಟಲಿ ರಕ್ತ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾ ಕಡೆಯವಳು, ಆಪರೇಶನ್ ಥಿಯೇಟರ್‌ನಲ್ಲಿ ಸ್ಟಾಫ್ ನರ್ಸ್. ಮನೆಯಲ್ಲಿ ಯಾರಿಗಾದರೂ ಸೊಂಟದ ಕೀಲು ಬದಲಿಸಲು ತಾರೀಕು ಸಿಕ್ಕಿತು ಅಂದರೆ ಊರಿನವರು, ನೆಂಟರು, ನೆಂಟರ ನೆಂಟರು ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ರಕ್ತ ಎಲ್ಲಿ ಸಿಗುತ್ತದೆ? ರಕ್ತ ಹುಡುಕುವುದು ತಪ್ಪಲ್ಲ. ಆದರೆ ಅದಕ್ಕಿಂತ ಮುಂಚೆ, ಇನ್ನೂ ಒಂದು ತಿಂಗಳು ಕೈಯಲ್ಲಿರುವಾಗ ಮಾಡಬೇಕಾದ ಕೆಲಸ ಬೇರೆಯೇ ಇದೆ. ಅದನ್ನು ಸರಿಯಾಗಿ ಮಾಡಿಕೊಂಡು ಬಂದವರಿಗೆ ಹೆಚ್ಚಿನ ಸಲ ಹೊರಗಿನ ರಕ್ತ ಬೇಕಾಗುವುದೇ ಇಲ್ಲ. ಕೇಳಿದವರಿಗೆಲ್ಲ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಮಾತ್ರ ನಿಮ್ಮ ಡಾಕ್ಟರನ್ನು ಕೇಳಿಯೇ ಆಗಬೇಕು.

ಹಾಗಾದರೆ ಎಷ್ಟು ಬಾಟಲಿ ಹೊಂದಿಸಿ ಇಡಬೇಕು?

ಆಸ್ಪತ್ರೆ ಹೇಳಿದಷ್ಟು. ಹಿಮೋಗ್ಲೋಬಿನ್ ಚೆನ್ನಾಗಿದ್ದು, ಮೊದಲ ಸಲದ ಆಪರೇಶನ್ ಆಗಿದ್ದರೆ ಎಷ್ಟೋ ಕಡೆ ಗ್ರೂಪ್ ನೋಡಿ, ರಕ್ತದ ಸ್ಯಾಂಪಲ್ ತೆಗೆದಿಟ್ಟುಕೊಂಡು ಸುಮ್ಮನಿರುತ್ತಾರೆ. ಬೇಕಾದರೆ ಮಾತ್ರ ರಕ್ತನಿಧಿಯಿಂದ ತರಿಸುತ್ತಾರೆ. ಕೆಲವು ಕಡೆ ಒಂದೆರಡು ಯೂನಿಟ್ ಹೊಂದಿಸಿ ಇಡಲು ಹೇಳುತ್ತಾರೆ. ಇಡುವುದು ಎಚ್ಚರಿಕೆಗೆ. ಇಟ್ಟಿದ್ದಾರೆ ಅಂದ ಮಾತ್ರಕ್ಕೆ ಹಾಕಿಯೇ ಹಾಕುತ್ತಾರೆ ಅಂತ ಅಲ್ಲ.

ಆಪರೇಶನ್‌ನಲ್ಲಿ ನಿಜವಾಗಿ ಎಷ್ಟು ರಕ್ತ ಹೋಗುತ್ತದೆ?

60 ಕೆಜಿ ತೂಕದ ಮನುಷ್ಯನ ಮೈಯಲ್ಲಿ ಸುಮಾರು 4 ಲೀಟರ್ ರಕ್ತ ಇರುತ್ತದೆ. ಕೀಲು ಬದಲಿಸುವಾಗ ಕಣ್ಣಿಗೆ ಕಾಣುವಂತೆ ಹೋಗುವುದು ಸಾಮಾನ್ಯವಾಗಿ 300ರಿಂದ 500 ಎಂಎಲ್. ಆದರೆ ಹೊಲಿಗೆ ಹಾಕಿದ ಮೇಲೂ ಒಳಗೆ ಮಾಂಸದ ಪದರಗಳ ನಡುವೆ ಸ್ವಲ್ಪ ಸ್ವಲ್ಪವೇ ಒಸರುತ್ತಿರುತ್ತದೆ. ಅದನ್ನೂ ಸೇರಿಸಿದರೆ ಒಂದು ಲೀಟರ್ ಆಗಬಹುದು, ಕೆಲವರಿಗೆ ಒಂದೂವರೆಯೂ ಆಗಬಹುದು. ಹಾಗಾಗಿ ಆಪರೇಶನ್ ಆದ ಸಂಜೆ ಹಿಮೋಗ್ಲೋಬಿನ್ ಚೆನ್ನಾಗಿ ಕಂಡರೂ ಎರಡು, ಮೂರನೇ ದಿನ ಇನ್ನೂ ಇಳಿದಿರುತ್ತದೆ. ಒಟ್ಟು 2ರಿಂದ 3 ಗ್ರಾಂ ಇಳಿಯುವುದು ನಾವು ದಿನಾ ನೋಡುವ ವಿಷಯ. ಆಗ ಮನೆಯವರು ಗಾಬರಿಯಾಗಿ, ನಿನ್ನೆ ಸರಿ ಇತ್ತಲ್ಲ ಸಿಸ್ಟರ್, ರಾತ್ರಿ ಏನೋ ಆಗಿದೆ ಅನ್ನುತ್ತಾರೆ. ಹೊಸದಾಗಿ ಏನೂ ಆಗಿರುವುದಿಲ್ಲ. ಒಳಗೆ ಹೋದದ್ದು ಲೆಕ್ಕಕ್ಕೆ ಬರಲು ಅಷ್ಟು ಹೊತ್ತು ಬೇಕು.

ಅಳೆಯುವುದು ಹೇಗೆ? ಸುಮ್ನೆ ಅಂದಾಜಾ?

ಅಂದಾಜಲ್ಲ. ಗಾಯದಿಂದ ರಕ್ತ ಎಳೆಯುವ ಸಕ್ಷನ್ ಪೈಪಿನ ತುದಿಗೆ ಗೆರೆ ಹಾಕಿದ ಒಂದು ಜಾಡಿ ಇರುತ್ತದೆ. ಆದರೆ ಅದರಲ್ಲಿ ತುಂಬಿದ್ದೆಲ್ಲ ರಕ್ತವಲ್ಲ, ಗಾಯ ತೊಳೆದ ಸಲೈನ್ ನೀರೂ ಸೇರಿರುತ್ತದೆ. ಎಷ್ಟು ಸಲೈನ್ ಹಾಕಿದೆವು ಅಂತ ಬರೆದಿಟ್ಟುಕೊಂಡು ಅದನ್ನು ಕಳೆಯುತ್ತೇವೆ. ರಕ್ತ ಒರೆಸುವ ಬಟ್ಟೆಗೆ ಮಾಪ್ ಅನ್ನುತ್ತೇವೆ. ಒಣಗಿದ ಮಾಪ್ ಎಷ್ಟು ತೂಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ನೆನೆದದ್ದನ್ನು ತಕ್ಕಡಿಯ ಮೇಲಿಟ್ಟು ವ್ಯತ್ಯಾಸ ನೋಡಿದರೆ ಹೆಚ್ಚಾದ ಒಂದೊಂದು ಗ್ರಾಂಗೆ ಒಂದೊಂದು ಎಂಎಲ್ ಅಂತ ಲೆಕ್ಕ ಸಿಗುತ್ತದೆ. ಆ ಅಂಕಿ ಬೋರ್ಡಿನ ಮೇಲೆ ಏರುತ್ತಾ ಹೋಗುವುದನ್ನು ಅನಸ್ತೇಶಿಯಾ ಡಾಕ್ಟರ್ ಕತ್ತು ತಿರುಗಿಸಿ ನೋಡುತ್ತಲೇ ಇರುತ್ತಾರೆ.

ಮಂಡಿ ಆಪರೇಶನ್‌ಗೆ ತೊಡೆಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸುತ್ತಾರಂತೆ. ಸೊಂಟಕ್ಕೆ ಯಾಕಿಲ್ಲ?

ಸೊಂಟದ ಕೀಲಿನ ಮೇಲ್ಗಡೆ ಪಟ್ಟಿ ಬಿಗಿಯಲು ಜಾಗವೇ ಇಲ್ಲ. ಅದರ ಮೇಲೆ ಹೊಟ್ಟೆ. ಸಾಲದ್ದಕ್ಕೆ ಅಲ್ಲಿ ಮಾಂಸ ದಪ್ಪ, ಮೂಳೆಯನ್ನು ಕೊರೆದ ಜಾಗದಿಂದಲೂ ರಕ್ತ ಬರುತ್ತದೆ. ಮೂಳೆಯೊಳಗಿನದು ನಳದಂತೆ ಕಟ್ಟಿ ನಿಲ್ಲಿಸುವಂಥ ಒಂದು ನಾಳ ಅಲ್ಲ, ಇಡೀ ಮೇಲ್ಮೈಯೇ ಒಸರುತ್ತದೆ. ಅದಕ್ಕೇ ಬೇರೆ ದಾರಿಗಳು ಬೇಕಾಗುವುದು.

ಹಿಮೋಗ್ಲೋಬಿನ್ ಎಷ್ಟಿರಬೇಕು? ಯಾವಾಗ ನೋಡಿಸಬೇಕು?

ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವ ವಿಷಯ ಇದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಗಂಡಸರಿಗೆ 13ಕ್ಕಿಂತ ಕಡಿಮೆ, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆದರೆ ಇಂಥ ದೊಡ್ಡ ಆಪರೇಶನ್‌ಗೆ ಹೆಂಗಸರಿಗೂ 13 ಇರಲಿ ಅಂತ ಈಗ ಬಹಳ ಡಾಕ್ಟರುಗಳು ಬಯಸುತ್ತಾರೆ. ಯಾಕೆ ಅಂದ್ರೆ ಹೆಂಗಸರ ಮೈಯಲ್ಲಿ ಇರುವ ರಕ್ತವೇ ಕಡಿಮೆ, ಹೋಗುವುದು ಮಾತ್ರ ಇಬ್ಬರಿಗೂ ಅಷ್ಟೇ.

ಲೆಕ್ಕ ಹಾಕಿ ನೋಡಿ. 13 ಇಟ್ಟುಕೊಂಡು ಬಂದವರಿಗೆ 3 ಗ್ರಾಂ ಇಳಿದರೆ 10ಕ್ಕೆ ನಿಲ್ಲುತ್ತದೆ, ಮಾರನೇ ದಿನ ವಾಕರ್ ಹಿಡಿದು ನಡೆಯುತ್ತಾರೆ. 10 ಇಟ್ಟುಕೊಂಡು ಬಂದವರಿಗೆ ಅಷ್ಟೇ ಇಳಿದರೂ 7ಕ್ಕೆ ಬಂತು, ರಕ್ತ ಹಾಕಲೇಬೇಕು. ಸರ್ಜನ್ ಅವರೇ, ಕೈಚಳಕ ಅದೇ, ಹೋದ ರಕ್ತವೂ ಅಷ್ಟೇ. ವ್ಯತ್ಯಾಸ ಆದದ್ದು ಬರುವಾಗ ಎಷ್ಟಿತ್ತು ಅನ್ನುವುದರಲ್ಲಿ.

ಹಾಗಾಗಿ ತಾರೀಕು ಗೊತ್ತಾದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಕಡಿಮೆ ಅಂದರೂ ನಾಲ್ಕರಿಂದ ಆರು ವಾರ ಮುಂಚೆ. ಅಡ್ಮಿಟ್ ಆಗುವ ಹಿಂದಿನ ದಿನ ನೋಡಿಸಿದರೆ ಸಂಖ್ಯೆ ಗೊತ್ತಾಗುತ್ತದೆ ಅಷ್ಟೇ, ಸರಿ ಮಾಡಲು ಹೊತ್ತೇ ಇರುವುದಿಲ್ಲ. ಶಿರಸಿ, ಯಲ್ಲಾಪುರ, ಜೋಯಿಡಾ ಕಡೆಯಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವವರು, ಕಾರವಾರದಿಂದ ಗೋವಾದ ಬಾಂಬೋಳಿಗೆ ಹೋಗುವವರು ಎಲ್ಲ ಪರೀಕ್ಷೆಯೂ ಅಲ್ಲೇ ಆಗಲಿ ಅಂತ ಬಿಟ್ಟುಬಿಡುತ್ತಾರೆ. ಇದೊಂದು ಪರೀಕ್ಷೆ ಊರಲ್ಲೇ ಆಗುತ್ತದೆ. ಹಿಮೋಗ್ಲೋಬಿನ್ ಕಡಿಮೆ ಬಂದರೆ ಫೆರಿಟಿನ್ ಅನ್ನುವ ಪರೀಕ್ಷೆಯನ್ನೂ ಮಾಡಿಸಬೇಕಾ ಅಂತ ಕೇಳಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಅದು ಹೇಳುತ್ತದೆ.

ಆಯಿಗೆ ಊಟ-ತಿಂಡಿ ಎಲ್ಲ ಸರಿ ಇದೆ. ಆದರೂ ಹಿಮೋಗ್ಲೋಬಿನ್ 9 ಬಂದಿದೆ, ಯಾಕೆ?

ಇದಕ್ಕೆ ಕಾರಣ ಹುಡುಕಲೇಬೇಕು. ವಯಸ್ಸಾಯ್ತಲ್ಲ ಅಂತ ಬಿಡಬೇಡಿ. ವಯಸ್ಸು ರಕ್ತಹೀನತೆಗೆ ಕಾರಣವೇ ಅಲ್ಲ.

ಕೀಲು ನೋವಿಗೆ ವರ್ಷಗಟ್ಟಲೆ ಡೈಕ್ಲೋಫೆನಾಕ್‌ನಂಥ ಮಾತ್ರೆ ನುಂಗಿದವರಿಗೆ ಹೊಟ್ಟೆಯಲ್ಲಿ ಹುಣ್ಣಾಗಿ ಗೊತ್ತೇ ಆಗದಂತೆ ರಕ್ತ ಹೋಗುತ್ತಿರಬಹುದು. ಮೂಲವ್ಯಾಧಿ ಇರಬಹುದು, ನಾಚಿಕೆಗೆ ಹೇಳಿರುವುದಿಲ್ಲ. ಮುಟ್ಟು ಇನ್ನೂ ನಿಲ್ಲದವರಿಗೆ ಜಾಸ್ತಿ ಸ್ರಾವ ಇರಬಹುದು. ಬರಿಗಾಲಲ್ಲಿ ಅಡಿಕೆ ತೋಟ, ಗದ್ದೆ ಅಂತ ಓಡಾಡುವವರಿಗೆ ಕೊಕ್ಕೆಹುಳ ಪಾದದಿಂದಲೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಅದಿದ್ದರೆ ಐರನ್ ಎಷ್ಟು ಕೊಟ್ಟರೂ ಸೋರಿಹೋಗುತ್ತಿರುತ್ತದೆ, ಹುಳದ ಮಾತ್ರೆ ಕೊಟ್ಟ ಮೇಲೆಯೇ ಏರುವುದು. ಮೀನು, ಮೊಟ್ಟೆ ತಿನ್ನದವರಿಗೆ ಬಿ12 ಕಡಿಮೆ ಇರುವುದು ಸಾಮಾನ್ಯ, ಅದಕ್ಕೆ ಐರನ್ ಕೊಟ್ಟು ಪ್ರಯೋಜನ ಇಲ್ಲ. ಕಿಡ್ನಿ ತೊಂದರೆಯಿಂದಲೂ ರಕ್ತ ಕಡಿಮೆಯಾಗುತ್ತದೆ. ವಯಸ್ಸಾದವರಲ್ಲಿ ಕಬ್ಬಿಣ ಕಡಿಮೆ ಬಂದು ಕಾರಣ ಗೊತ್ತಾಗದಿದ್ದರೆ ಹೊಟ್ಟೆ, ದೊಡ್ಡಕರುಳು ನೋಡಿಸಲು ಡಾಕ್ಟರ್ ಹೇಳಬಹುದು. ಕೀಲು ಆಪರೇಶನ್‌ಗೂ ಕರುಳಿಗೂ ಏನು ಸಂಬಂಧ ಅಂತ ಸಿಟ್ಟಾಗಬೇಡಿ. ಕರುಳಿನ ಕ್ಯಾನ್ಸರ್ ಮೊದಲು ತೋರಿಸಿಕೊಳ್ಳುವುದು ಎಷ್ಟೋ ಸಲ ಇದೇ ರೀತಿ.

ಬೀಟ್‌ರೂಟ್, ದಾಳಿಂಬೆ, ಖರ್ಜೂರ ತಿಂದರೆ ಏರುವುದಿಲ್ವಾ?

ಬಣ್ಣ ಕೆಂಪಾದ ಮಾತ್ರಕ್ಕೆ ಅದರಿಂದ ರಕ್ತ ಆಗುವುದಿಲ್ಲ. ಬೀಟ್‌ರೂಟ್, ದಾಳಿಂಬೆಯಲ್ಲಿ ಇರುವ ಕಬ್ಬಿಣ ಬಹಳ ಕಡಿಮೆ. ತಿನ್ನಬಾರದು ಅಂತಲ್ಲ, ಆದರೆ ಒಂದು ತಿಂಗಳಲ್ಲಿ 9ರಿಂದ 12ಕ್ಕೆ ಏರಿಸುವ ಕೆಲಸ ಊಟದಿಂದ ಮಾತ್ರ ಆಗುವುದಿಲ್ಲ. ಊಟ ಜೊತೆಗಿರಲಿ, ಮಾತ್ರೆಗೆ ಬದಲು ಬೇಡ.

ನಮ್ಮ ಕಡೆ ಒಳ್ಳೆಯ ಊಟಕ್ಕೆ ಕೊರತೆ ಇಲ್ಲ. ಮೀನು ತಿನ್ನುವವರು ಬಂಗಡೆ, ತಾರ್ಲೆ ತಿನ್ನಿ. ಅಘನಾಶಿನಿ ಅಳಿವೆಯಲ್ಲಿ ಸಿಗುವ ಚಿಪ್ಪಿಕಲ್ಲಿನಲ್ಲಿ ಕಬ್ಬಿಣ, ಬಿ12 ಎರಡೂ ಚೆನ್ನಾಗಿವೆ. ತಿನ್ನದವರು ಹರಿವೆ, ಬಸಳೆ, ಹೆಸರುಕಾಳು, ಹುರುಳಿ ಮಾಡಿಕೊಳ್ಳಿ, ಮೇಲೆ ನಿಂಬೆರಸ ಹಿಂಡಿ ಅಥವಾ ಜೊತೆಗೆ ನೆಲ್ಲಿಕಾಯಿ ತಂಬುಳಿ ಇರಲಿ. ಹುಳಿಯಲ್ಲಿರುವ ಸಿ ಜೀವಸತ್ವ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಚಾ ಮಾತ್ರ ಊಟದ ಜೊತೆ ಬೇಡ. ಚಾ, ಕಾಫಿ ಎರಡೂ ಕಬ್ಬಿಣವನ್ನು ಹಿಡಿದಿಟ್ಟು ಹೊರಗೆ ಹಾಕುತ್ತವೆ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ.

ಐರನ್ ಮಾತ್ರೆ ತಿಂದರೆ ಹೊಟ್ಟೆ ಉರಿ, ಮಲಬದ್ಧತೆ. ನಿಲ್ಲಿಸಿಬಿಟ್ಟೆವು.

ಬಹಳ ಜನ ಹೀಗೇ ಮಾಡುತ್ತಾರೆ, ಮತ್ತೆ ಯಾರಿಗೂ ಹೇಳುವುದಿಲ್ಲ. ಹೇಳಿ. ದಿನಾ ತಿನ್ನುವ ಬದಲು ದಿನ ಬಿಟ್ಟು ದಿನ ತಿನ್ನಲು ಹೇಳಬಹುದು. ಒಂದು ಮಾತ್ರೆ ತಿಂದ ಮೇಲೆ ಮೈ ಸ್ವಲ್ಪ ಹೊತ್ತು ಕಬ್ಬಿಣಕ್ಕೆ ಬಾಗಿಲು ಹಾಕಿಕೊಳ್ಳುತ್ತದೆ, ಹಾಗಾಗಿ ಅಂತರ ಕೊಟ್ಟರೆ ಪ್ರತಿ ಮಾತ್ರೆಯಿಂದ ಹತ್ತುವ ಪಾಲು ಹೆಚ್ಚು, ಹೊಟ್ಟೆಯ ಕಾಟವೂ ಕಡಿಮೆ. ಕ್ಯಾಲ್ಸಿಯಂ ಮಾತ್ರೆಯ ಜೊತೆ ಒಟ್ಟಿಗೆ ನುಂಗಬೇಡಿ. ಮಲ ಕಪ್ಪಗೆ ಹೋಗುವುದು ಮಾತ್ರೆಯಿಂದಲೇ, ಹೆದರಬೇಡಿ. ಆದರೆ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ಅದು ಬೇರೆ, ಕೂಡಲೇ ತೋರಿಸಿ.

ಮಾತ್ರೆ ಆಗಿಬರದಿದ್ದರೆ, ಅಥವಾ ಹೊತ್ತು ಕಡಿಮೆ ಇದ್ದರೆ ರಕ್ತನಾಳದಲ್ಲಿ ಡ್ರಿಪ್ ಮೂಲಕ ಕಬ್ಬಿಣ ಕೊಡುತ್ತಾರೆ. ಐರನ್ ಸುಕ್ರೋಸ್ ಅನ್ನು ಕೆಲವು ಸಲವಾಗಿ ಹಂಚಿ ಕೊಡಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನುವುದನ್ನು 1,000 ಮಿಲಿಗ್ರಾಂವರೆಗೂ ಒಂದೇ ಸಲ ಕೊಡಬಹುದು, ಬೆಲೆ ಜಾಸ್ತಿ. ಯಾವುದೇ ಆದರೂ ಬೆಳಿಗ್ಗೆ ಕೊಟ್ಟು ಸಂಜೆಗೆ ಏರುವುದಲ್ಲ. ಕಬ್ಬಿಣದಿಂದ ರಕ್ತ ಮಾಡಿಕೊಳ್ಳಲು ಮೈಗೆ ವಾರಗಳೇ ಬೇಕು. ಸರಿಯಾಗಿ ಹತ್ತಿದರೆ ಮೂರ್ನಾಲ್ಕು ವಾರದಲ್ಲಿ 1ರಿಂದ 2 ಗ್ರಾಂ ಏರುತ್ತದೆ.

ಅಪ್ಪ ಹಾರ್ಟಿಗೆ ಎಕೋಸ್ಪ್ರಿನ್ ತಿನ್ನುತ್ತಾರೆ. ವಾರ ಮೊದಲೇ ನಿಲ್ಲಿಸಿದೆವು, ಸರಿ ಅಲ್ವಾ?

ಯಾರು ಹೇಳಿದ್ದು? ಡಾಕ್ಟರ್ ಹೇಳಿದ್ದರೆ ಸರಿ. ಪಕ್ಕದ ಮನೆಯವರು ಹೇಳಿ ನಿಲ್ಲಿಸಿದ್ದರೆ ಇವತ್ತೇ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿ.

ರಕ್ತ ತೆಳು ಮಾಡುವ ಮಾತ್ರೆಗಳು ಎಲ್ಲ ಒಂದೇ ಅಲ್ಲ. ಎಕೋಸ್ಪ್ರಿನ್, ಅಂದರೆ ಆಸ್ಪಿರಿನ್, ಎಷ್ಟೋ ಹೃದ್ರೋಗಿಗಳಿಗೆ ನಿಲ್ಲಿಸದೆಯೇ ಆಪರೇಶನ್ ಮಾಡುತ್ತಾರೆ. ಕ್ಲೋಪಿಡೋಗ್ರೆಲ್ ಇದ್ದರೆ ಸಾಮಾನ್ಯವಾಗಿ 5ರಿಂದ 7 ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ. ವಾರ್ಫರಿನ್ ಆದರೆ ಸುಮಾರು 5 ದಿನ, ಮತ್ತೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿ ನೋಡಿಯೇ ಮುಂದಿನ ಮಾತು. ಅಪಿಕ್ಸಾಬಾನ್, ರಿವರಾಕ್ಸಾಬಾನ್ ಇದ್ದರೆ ಎರಡು ಮೂರು ದಿನ, ಕಿಡ್ನಿ ದುರ್ಬಲ ಇದ್ದರೆ ಇನ್ನೂ ಹೆಚ್ಚು. ಸ್ಟೆಂಟ್ ಹಾಕಿ ಸ್ವಲ್ಪ ಕಾಲವೇ ಆಗಿದ್ದರೆ ಈ ಮಾತ್ರೆ ನಿಲ್ಲಿಸುವುದು ಜೀವಕ್ಕೇ ಅಪಾಯ, ಅಂಥವರಿಗೆ ಕೀಲು ಆಪರೇಶನ್ನನ್ನೇ ಮುಂದಕ್ಕೆ ಹಾಕುತ್ತಾರೆ. ಈ ದಿನಗಳ ಲೆಕ್ಕ ಬರೆದದ್ದು ನೀವೇ ನಿಲ್ಲಿಸಲಿ ಅಂತ ಅಲ್ಲ. ಒಂದೊಂದು ಮಾತ್ರೆಗೂ ಒಂದೊಂದು ಲೆಕ್ಕ, ಅದಕ್ಕೇ ಮೊದಲೇ ಕೇಳಿಟ್ಟುಕೊಳ್ಳಬೇಕು ಅಂತ.

ನಾವು ತಿನ್ನುವುದು ಬರೀ ನೋವಿನ ಮಾತ್ರೆ. ಅದಕ್ಕೂ ರಕ್ತಕ್ಕೂ ಸಂಬಂಧ ಇದೆಯಾ?

ಇದೆ. ಅಂಕೋಲಾ ಕಡೆಯ ಒಬ್ಬ ಅಕ್ಕೋರು ಅಡ್ಮಿಟ್ ಆಗುವಾಗ ತಮ್ಮ ಮಾತ್ರೆಗಳ ಪ್ಲಾಸ್ಟಿಕ್ ಕೊಟ್ಟೆಯನ್ನೇ ಹಾಸಿಗೆ ಮೇಲೆ ಸುರಿದರು. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಅರ್ಧ ಕತ್ತರಿಸಿದ ಎಕೋಸ್ಪ್ರಿನ್ ಪಟ್ಟಿ, ಮೆಡಿಕಲ್‌ನವರು ಚೀಟಿ ಇಲ್ಲದೆ ಕೊಟ್ಟ ಹೆಸರೇ ಇಲ್ಲದ ಎರಡು ಬಣ್ಣದ ನೋವಿನ ಮಾತ್ರೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ ಕ್ಯಾಪ್ಸೂಲ್, ಕಾಗದದಲ್ಲಿ ಕಟ್ಟಿದ ಒಂದು ಚೂರ್ಣ. ದಿನಾ ಏನು ತಿನ್ನುತ್ತೀರಿ ಅಂತ ಕೇಳಿದಾಗ ಅವರು ಹೇಳಿದ್ದು ಬಿಪಿ, ಶುಗರ್ ಎರಡೇ. ಉಳಿದದ್ದು ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ.

ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆಗಳು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳ ಕೆಲಸ ತಡೆಯುತ್ತವೆ. ಆಪರೇಶನ್‌ಗೆ ಕೆಲವು ದಿನ ಮುಂಚೆ ಇವನ್ನು ನಿಲ್ಲಿಸಿ ಪ್ಯಾರಾಸಿಟಮಾಲ್ ಕೊಡುತ್ತಾರೆ. ಮೀನೆಣ್ಣೆ, ಬೆಳ್ಳುಳ್ಳಿ, ಗಿಂಕೋ ಕ್ಯಾಪ್ಸೂಲ್‌ಗಳನ್ನೂ ಒಂದೆರಡು ವಾರ ಮೊದಲು ನಿಲ್ಲಿಸಲು ಹೇಳುವುದುಂಟು. ಅಡುಗೆಗೆ ಹಾಕುವ ಬೆಳ್ಳುಳ್ಳಿ, ಅರಿಶಿನಕ್ಕೆ ಏನೂ ಚಿಂತೆ ಬೇಡ. ಊರ ಕಡೆಯ ಔಷಧಿ, ಕಷಾಯ, ಬೇರು ಏನೇ ತೆಗೆದುಕೊಳ್ಳುತ್ತಿದ್ದರೂ ಹೇಳಿ. ಯಾರೂ ಬೈಯುವುದಿಲ್ಲ, ಬೈದರೂ ಪರವಾಗಿಲ್ಲ, ಹೇಳಿ. ಎಲ್ಲಕ್ಕಿಂತ ಸುಲಭ ಅಂದರೆ ಮಾತ್ರೆ ಕೊಟ್ಟೆಯನ್ನೇ ತಂದು ಸುರಿಯುವುದು.

ರಕ್ತ ಕಡಿಮೆ ಹೋಗಲು ಒಂದು ಇಂಜೆಕ್ಷನ್ ಇದೆಯಂತೆ?

ಇದೆ. ಟ್ರಾನೆಕ್ಸಾಮಿಕ್ ಆಸಿಡ್. ಕೀಲು ಬದಲಿಸುವ ಆಪರೇಶನ್‌ನಲ್ಲಿ ರಕ್ತ ಉಳಿಸಲು ಬಂದ ಉಪಾಯಗಳಲ್ಲಿ ಇಷ್ಟು ಅಗ್ಗದ, ಇಷ್ಟು ಗುಣ ಕೊಟ್ಟ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಜಪಾನಿನ ಉಟಾಕೊ ಮತ್ತು ಶೋಸುಕೆ ಒಕಾಮೊಟೊ ಅನ್ನುವ ವಿಜ್ಞಾನಿ ದಂಪತಿ ಇದನ್ನು ಕಂಡುಹಿಡಿದು 1962ರಲ್ಲಿ ಪ್ರಕಟಿಸಿದರು. ಹೆರಿಗೆಯಾದ ಮೇಲೆ ತೀರಾ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕು ಅನ್ನುವುದು ಉಟಾಕೊ ಅವರ ಆಸೆಯಾಗಿತ್ತು. ಇವತ್ತು ಅದೇ ಔಷಧಿ ಹೆರಿಗೆ ವಾರ್ಡಿನಲ್ಲೂ ಇದೆ, ಅಪಘಾತದ ವಾರ್ಡಿನಲ್ಲೂ ಇದೆ, ಮುಟ್ಟಿನ ಸ್ರಾವ ಜಾಸ್ತಿ ಇರುವವರಿಗೆ ಮಾತ್ರೆಯಾಗಿಯೂ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ.

ಕೆಲಸ ಮಾಡುವುದು ಹೀಗೆ. ಗಾಯವಾದ ಕಡೆ ರಕ್ತ ಹೆಪ್ಪುಗಟ್ಟಿ, ಹಳ್ಳಕ್ಕೆ ಹಾಕಿದ ಮಣ್ಣಿನ ಒಡ್ಡಿನಂತೆ ಹರಿವನ್ನು ತಡೆಯುತ್ತದೆ. ಆದರೆ ಮೈಯಲ್ಲೇ ಆ ಹೆಪ್ಪನ್ನು ಕರಗಿಸುವ ಒಂದು ವ್ಯವಸ್ಥೆಯೂ ಇದೆ, ದೊಡ್ಡ ಆಪರೇಶನ್ ಆದಾಗ ಅದು ಚುರುಕಾಗುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಹೊಸ ಹೆಪ್ಪು ಕಟ್ಟಿಸುವುದಿಲ್ಲ, ಕಟ್ಟಿದ ಹೆಪ್ಪು ಬೇಗ ಕರಗದಂತೆ ನೋಡಿಕೊಳ್ಳುತ್ತದೆ ಅಷ್ಟೇ. ಚರ್ಮ ಕೊಯ್ಯುವ ಮುಂಚೆಯೇ ಸಾಮಾನ್ಯವಾಗಿ 1 ಗ್ರಾಂ ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ, ಮತ್ತೆ ಇನ್ನೊಂದು ಡೋಸ್ ಕೊಡುವುದೂ ಇದೆ. ಕೆಲವರು ಕೀಲಿನೊಳಗೇ ಹಾಕುತ್ತಾರೆ.

ಈಚೆಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆಗಿದ್ದರೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು ಅಂತಿದ್ದರೆ, ಫಿಟ್ಸ್ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಆಗ ಕೊಡಬೇಕಾ, ಎಷ್ಟು ಕೊಡಬೇಕು ಅಂತ ಅವರು ತೂಗಿ ನೋಡುತ್ತಾರೆ. ನೀವು ಸರ್ಜನ್‌ಗೆ ಧೈರ್ಯವಾಗಿ ಕೇಳಬಹುದು: ಡಾಕ್ಟ್ರೇ, ಟ್ರಾನೆಕ್ಸಾ ಕೊಡ್ತೀರಾ? ಇದು ಅಧಿಕಪ್ರಸಂಗ ಅಲ್ಲ.

ಆಪರೇಶನ್‌ನಲ್ಲಿ ರಕ್ತ ನಿಲ್ಲಿಸಲು ಇಂಜೆಕ್ಷನ್, ಆಮೇಲೆ ರಕ್ತ ತೆಳು ಮಾಡಲು ಇಂಜೆಕ್ಷನ್. ಇದೆಂಥ ಲೆಕ್ಕ?

ಎರಡೂ ಬೇಕು. ಆಪರೇಶನ್ ದಿನ ರಕ್ತಸ್ರಾವದ ಭಯ. ಅದು ಕಳೆದ ಮೇಲೆ ಕಾಲಿನ ನಾಳದಲ್ಲಿ ರಕ್ತ ಗಡ್ಡೆಯಾಗಿ ಶ್ವಾಸಕೋಶಕ್ಕೆ ಹೋಗುವ ಭಯ. ಆ ಎರಡನೆಯದು ವಾರಗಟ್ಟಲೆ ಇರುತ್ತದೆ. ಅದಕ್ಕೇ ಎನಾಕ್ಸಪರಿನ್ ಇಂಜೆಕ್ಷನ್, ಇಲ್ಲವೇ ಆಸ್ಪಿರಿನ್, ರಿವರಾಕ್ಸಾಬಾನ್ ಮಾತ್ರೆ ಕೊಡುವುದು, 35 ದಿನದವರೆಗೂ ಕೊಡಬಹುದು. ಗಾಯದಲ್ಲಿ ಸ್ವಲ್ಪ ರಕ್ತ ಕಂಡಿತು ಅಂತ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ. ಬೇಗ ಎದ್ದು ನಡೆಯುವುದು, ಹಾಸಿಗೆಯಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು ಇವೆರಡೂ ಮಾತ್ರೆಯಷ್ಟೇ ಮುಖ್ಯ.

ಬೆನ್ನಿಗೆ ಇಂಜೆಕ್ಷನ್ ಒಳ್ಳೆಯದಾ, ಪೂರ್ತಿ ಮಂಪರು ಒಳ್ಳೆಯದಾ?

ರಕ್ತದ ದೃಷ್ಟಿಯಿಂದ ಬೆನ್ನಿನ ಇಂಜೆಕ್ಷನ್, ಅಂದರೆ ಸ್ಪೈನಲ್, ಸ್ವಲ್ಪ ಮೇಲು. ಸೊಂಟದಿಂದ ಕೆಳಗೆ ನಾಳಗಳು ಸಡಿಲವಾಗಿ ಬಿಪಿ ಇಳಿದಿರುತ್ತದೆ, ಗಾಯದಲ್ಲಿ ಒಸರುವುದು ಕಡಿಮೆ. ಬೆನ್ನಿಗೆ ಚುಚ್ಚಿದರೆ ಜೀವನಪೂರ್ತಿ ಬೆನ್ನುನೋವು ಅಂತ ನಮ್ಮ ಕಡೆ ಒಂದು ಹೆದರಿಕೆ ಇದೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಜೀವನಪೂರ್ತಿ ಅಲ್ಲ. ಆದರೆ ಕ್ಲೋಪಿಡೋಗ್ರೆಲ್‌ನಂಥ ಮಾತ್ರೆ ಸಮಯಕ್ಕೆ ನಿಲ್ಲಿಸಿರದಿದ್ದರೆ ಸ್ಪೈನಲ್ ಕೊಡಲಾಗುವುದಿಲ್ಲ. ಕೊನೆಗೆ ಯಾವುದು ಅನ್ನುವುದು ಅನಸ್ತೇಶಿಯಾ ಡಾಕ್ಟರ ತೀರ್ಮಾನ.

ಥಿಯೇಟರ್ ಒಳಗೆ ಇನ್ನೇನು ಮಾಡುತ್ತೀರಿ?

ರೋಗಿಯನ್ನು ಬೆಚ್ಚಗಿಡುತ್ತೇವೆ. ಸಣ್ಣ ವಿಷಯ ಅನಿಸಬಹುದು, ಅಲ್ಲ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. 1996ರಲ್ಲಿ ಹಿಪ್ ರಿಪ್ಲೇಸ್‌ಮೆಂಟ್ ಮಾಡಿಸಿಕೊಂಡವರ ಮೇಲೇ ನಡೆದ ಒಂದು ಅಧ್ಯಯನದಲ್ಲಿ ಮೈಯ ಬಿಸಿ ಬರೀ 1.6 ಡಿಗ್ರಿ ಇಳಿದವರಿಗೆ, ಬೆಚ್ಚಗಿದ್ದವರಿಗಿಂತ ಸುಮಾರು ಅರ್ಧ ಲೀಟರ್ ಜಾಸ್ತಿ ರಕ್ತ ಹೋಗಿತ್ತು. ಬಿಸಿಗಾಳಿ ತುಂಬುವ ಹೊದಿಕೆ, ಬೆಚ್ಚಗೆ ಮಾಡಿದ ಡ್ರಿಪ್ ಎಲ್ಲ ಅದಕ್ಕೇ. ರೋಗಿಯಾಗಿ ನೀವು ಮಾಡಬಹುದಾದದ್ದೂ ಇದೆ. ವಾರ್ಡಿನಿಂದ ಕರೆದುಕೊಂಡು ಹೋಗುವಾಗ, ಹೊರಗೆ ಕಾಯುವಾಗ ಚಳಿ ಆದರೆ ಸುಮ್ನೆ ನಡುಗುತ್ತಾ ಮಲಗಬೇಡಿ, ಕಂಬಳಿ ಕೇಳಿ.

ಸಣ್ಣ ಸಣ್ಣ ನಾಳಗಳನ್ನು ಕಾಟರಿಯಿಂದ ಸುಟ್ಟು ಮುಚ್ಚುತ್ತಾ ಹೋಗುತ್ತಾರೆ. ಮಗ್ಗುಲಿಗೆ ಮಲಗಿಸಿದಾಗ ಹೊಟ್ಟೆಯ ಮೇಲೆ ಒತ್ತಡ ಬೀಳದಂತೆ ನೋಡುತ್ತೇವೆ. ಮೊದಲೆಲ್ಲ ಗಾಯದೊಳಗೆ ಡ್ರೈನ್ ಪೈಪ್ ಇಡುವುದು ಕಡ್ಡಾಯ ಅನ್ನುವಂತಿತ್ತು. ಪೈಪ್ ಇಟ್ಟವರಿಗೇ ರಕ್ತ ಹಾಕಬೇಕಾಗಿ ಬರುವುದು ಜಾಸ್ತಿ ಅಂತ ಗೊತ್ತಾದ ಮೇಲೆ ಈಗ ಬಹಳ ಕಡೆ ಇಡುವುದಿಲ್ಲ. ಹೋದ ರಕ್ತವನ್ನೇ ಹಿಡಿದು ತೊಳೆದು ಅವರಿಗೇ ವಾಪಸ್ ಕೊಡುವ ಸೆಲ್ ಸೇವರ್ ಅನ್ನುವ ಮಶಿನ್ ದೊಡ್ಡ ಆಸ್ಪತ್ರೆಗಳಲ್ಲಿರುತ್ತದೆ. ಹಳೆಯ ಕೀಲು ತೆಗೆದು ಮತ್ತೆ ಹಾಕುವಂಥ ದೊಡ್ಡ ಕೇಸುಗಳಿಗೆ ಅದು ಉಪಯೋಗ, ಮೊದಲ ಸಲದವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ನಮ್ಮದೇ ರಕ್ತ ಮೊದಲೇ ತೆಗೆಸಿ ಇಡಬಹುದಾ?

ಮೊದಲು ಮಾಡುತ್ತಿದ್ದರು, ಈಗ ಬಹುತೇಕ ಬಿಟ್ಟಿದ್ದಾರೆ. ತೆಗೆಸಿಕೊಂಡವರು ರಕ್ತ ಕಡಿಮೆ ಮಾಡಿಕೊಂಡೇ ಆಪರೇಶನ್‌ಗೆ ಬರುತ್ತಿದ್ದರು.

ಅಪ್ಪನಿಗೆ ಮಗನ ರಕ್ತವೇ ಒಳ್ಳೆಯದು ಅಲ್ವಾ? ಗ್ರೂಪೂ ಒಂದೇ ಇದೆ.

ಪ್ರೀತಿಯಿಂದ ಕೇಳುವ ಪ್ರಶ್ನೆ, ಆದರೆ ಒಳ್ಳೆಯದಲ್ಲ ಅನ್ನುವುದೇ ಉತ್ತರ. ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿ ಕಣಗಳನ್ನು ರೋಗಿಯ ಮೈ ಕೆಲವೊಮ್ಮೆ ಹೊರಗಿನವು ಅಂತ ಗುರುತಿಸುವುದೇ ಇಲ್ಲ. ಅವು ಅಲ್ಲೇ ನೆಲೆಯಾಗಿ ರೋಗಿಯ ಮೈ ಮೇಲೇ ತಿರುಗಿಬೀಳಬಹುದು. ಅಪರೂಪ, ಆದರೆ ಆಯಿತು ಅಂದರೆ ಉಳಿಯುವುದು ಕಷ್ಟ. ವಿಕಿರಣ ಹಾಯಿಸಿದ ರಕ್ತವಾದರೆ ಆ ಅಪಾಯ ಇಲ್ಲ, ಆದರೆ ಆ ವ್ಯವಸ್ಥೆ ಎಲ್ಲ ಕಡೆ ಇರುವುದಿಲ್ಲ.

ಮಗ ರಕ್ತ ಕೊಡಲಿ, ಖಂಡಿತ ಕೊಡಲಿ, ಅದು ರಕ್ತನಿಧಿಗೆ ಹೋಗಲಿ, ಬೇರೆ ಯಾರಿಗೋ ಆಗುತ್ತದೆ. ಅಪ್ಪನಿಗೆ ಬೇರೆಯವರ ರಕ್ತ ಬರಲಿ. 18ರಿಂದ 65 ವರ್ಷದೊಳಗಿದ್ದು, 45 ಕೆಜಿಗೆ ಕಡಿಮೆ ಇಲ್ಲದೆ, ಹಿಮೋಗ್ಲೋಬಿನ್ 12.5 ಇರುವವರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಯಾರಾದರೂ ದುಡ್ಡು ಕೊಟ್ಟರೆ ರಕ್ತ ಕೊಡುತ್ತೇನೆ ಅಂತ ಬಂದರೆ ಬೇಡ ಅನ್ನಿ. 1998ರಿಂದ ನಮ್ಮ ದೇಶದಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ನಮ್ಮದು ನೆಗೆಟಿವ್ ಗ್ರೂಪ್. ಏನು ಮಾಡುವುದು?

ಮೊದಲ ಭೇಟಿಯಲ್ಲೇ ಹೇಳಿ. ನಮ್ಮಲ್ಲಿ ನೂರರಲ್ಲಿ ಸುಮಾರು ಐದು ಜನರಿಗಷ್ಟೇ ನೆಗೆಟಿವ್. ಯಾವ ರಕ್ತನಿಧಿಯಲ್ಲಿ ಏನಿದೆ ಅಂತ ಸರಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ನೋಡಬಹುದು, ನೋಡಿದ ಮೇಲೆ ಫೋನ್ ಮಾಡಿಯೂ ಖಚಿತ ಮಾಡಿಕೊಳ್ಳಿ. ಹಿಮೋಗ್ಲೋಬಿನ್ ಮೊದಲೇ ಏರಿಸಿಕೊಳ್ಳುವ ವಿಷಯ ನಿಮಗೆ ಎಲ್ಲರಿಗಿಂತ ಜಾಸ್ತಿ ಅನ್ವಯ.

ಆಪರೇಶನ್ ಆದ ಮೇಲೆ ಅಮ್ಮಮ್ಮಂಗೆ 8.5 ಇದೆ. ರಕ್ತ ಕೊಡಿ ಅಂದರೆ ಕೊಡುತ್ತಿಲ್ಲ.

ನಿರ್ಲಕ್ಷ್ಯ ಅಂದುಕೊಳ್ಳಬೇಡಿ. ಮೊದಲು 10ಕ್ಕಿಂತ ಕೆಳಗೆ ಹೋದರೆ ರಕ್ತ ಹಾಕುತ್ತಿದ್ದರು. 2011ರಲ್ಲಿ ಸೊಂಟದ ಮೂಳೆ ಮುರಿದು ಆಪರೇಶನ್ ಆದ, ಹೃದಯದ ತೊಂದರೆ ಅಥವಾ ಅದರ ಅಪಾಯ ಇದ್ದ 2,016 ಹಿರಿಯರ ಮೇಲೆ ಅಮೆರಿಕ, ಕೆನಡಾದಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. 10ಕ್ಕೆ ಇಳಿದಾಗಲೇ ಹಾಕಿದವರಿಗೂ, 8ಕ್ಕಿಂತ ಇಳಿದಾಗ ಅಥವಾ ತೊಂದರೆ ಕಂಡಾಗ ಮಾತ್ರ ಹಾಕಿದವರಿಗೂ ಬದುಕುಳಿಯುವುದರಲ್ಲಾಗಲಿ, 60 ದಿನದ ಮೇಲೆ ನಡೆದಾಡುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ರಕ್ತ ಹಾಕುವುದಕ್ಕೂ ಅದರದೇ ಅಪಾಯ ಇದೆ: ಅಲರ್ಜಿ, ಜ್ವರ, ವಯಸ್ಸಾದವರ ಹೃದಯಕ್ಕೆ ನೀರಿನ ಭಾರ, ಸೋಂಕು ಹೆಚ್ಚುವ ಸಾಧ್ಯತೆ. ಎಚ್‌ಐವಿ, ಕಾಮಾಲೆಗಳ ಪರೀಕ್ಷೆ ಮಾಡಿಯೇ ಕೊಡುತ್ತಾರೆ, ಆದರೂ ಬೇಡದ್ದನ್ನು ಯಾಕೆ ಹಾಕಿಸಿಕೊಳ್ಳಬೇಕು?

ಆದರೆ ಸಂಖ್ಯೆ ಒಂದನ್ನೇ ನೋಡುವುದಲ್ಲ. ಎದ್ದು ಕೂತರೆ ಕಣ್ಣು ಕತ್ತಲೆ, ಎದೆನೋವು, ಉಸಿರಾಟಕ್ಕೆ ಕಷ್ಟ, ನಾಡಿ ತೀರಾ ಜೋರು ಇದ್ದರೆ 8.5 ಇದ್ದರೂ ಹೇಳಿ. ಆಗ ಲೆಕ್ಕ ಬೇರೆ. ಕೊಡುವುದಾದರೂ ಒಂದು ಯೂನಿಟ್ ಕೊಟ್ಟು, ನೋಡಿ, ಮತ್ತೆ ಬೇಕಾದರೆ ಇನ್ನೊಂದು. ಒಂದು ಯೂನಿಟ್‌ನಿಂದ ಸುಮಾರು 1 ಗ್ರಾಂ ಏರುತ್ತದೆ.

ಮೇಲೆ ಹೇಳಿದ್ದೆಲ್ಲ ತಾರೀಕು ಹಾಕಿ ಮಾಡುವ ಆಪರೇಶನ್‌ಗೆ. ಬಿದ್ದು ಮುರಿದರೆ?

ಆಗ ಕಾಯುವ ಮಾತೇ ಇಲ್ಲ. ಮಳೆಗಾಲದಲ್ಲಿ ಅಂಗಳದ ಹಾವಸೆ ಮೇಲೆ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಬರುವ ಅಜ್ಜ ಅಜ್ಜಿಯರು ನಮ್ಮ ಜಿಲ್ಲೆಯಲ್ಲಿ ಬಹಳ. ಮೂಳೆ ಮುರಿದ ಕ್ಷಣದಿಂದಲೇ ಒಳಗೆ ರಕ್ತ ಹೋಗಲು ಶುರು. ಕೀಲಿನ ಚೀಲದ ಹೊರಗೆ ಮುರಿದಿದ್ದರೆ ಇನ್ನೂ ಜಾಸ್ತಿ, ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಬೇಡಿ, ಕಾಲು ಎಳೆದು ಕೂರಿಸಲು ಯಾರಿಗೂ ಬಿಡಬೇಡಿ, ಪಟ್ಟು ಕಟ್ಟಿಸಿ ಎರಡು ವಾರ ನೋಡೋಣ ಅನ್ನಬೇಡಿ. ತಿಕ್ಕಿದಷ್ಟೂ ಒಳಗಿನ ಸ್ರಾವ ಹೆಚ್ಚುತ್ತದೆ. ಒಂದೆರಡು ದಿನದೊಳಗೆ ಆಪರೇಶನ್ ಆದರೆ ಹಿರಿಯರು ಉಳಿಯುವ, ಮತ್ತೆ ನಡೆಯುವ ಸಾಧ್ಯತೆ ಹೆಚ್ಚು. ಇಂಥವರಿಗೆ ಐರನ್ ಕೊಟ್ಟು ಕಾಯಲು ಹೊತ್ತಿಲ್ಲದ ಕಾರಣ ರಕ್ತ ಹಾಕಬೇಕಾಗಿ ಬರುವುದು ಸಹಜವಾಗಿಯೇ ಜಾಸ್ತಿ. ರಕ್ತದಾನಿಗಳನ್ನು ಕೇಳಲು ಹೊರಡುವುದಾದರೆ ಇಲ್ಲಿ ಹೊರಡಿ.

ಮಳೆಗಾಲದಲ್ಲಿ ಮಾಡಿಸಬಹುದಾ?

ಆಪರೇಶನ್‌ಗೆ ಮಳೆಗಾಲ ಬೇಸಿಗೆ ಅಂತ ಇಲ್ಲ. ಆದರೆ ಎರಡು ವಿಷಯ ನೋಡಿಕೊಳ್ಳಿ. ಈಚೆಗೆ ಡೆಂಗೀ ಆಗಿದ್ದರೆ ಪ್ಲೇಟ್‌ಲೆಟ್ ಇಳಿದಿರುತ್ತದೆ, ಇಲಿ ಜ್ವರದಲ್ಲೂ ಇಳಿಯಬಹುದು. ಬೇಸಿಗೆ ಕಡೆಗೆ ಸಿದ್ದಾಪುರ ಭಾಗದಲ್ಲಿ ಕಾಣುವ ಮಂಗನ ಕಾಯಿಲೆಯೂ ರಕ್ತಸ್ರಾವದ ಜ್ವರವೇ. ಹಿಂದಿನ ಕೆಲವು ವಾರದಲ್ಲಿ ಯಾವ ಜ್ವರ ಬಂದಿದ್ದರೂ ಹೇಳಿ, ಪೂರ್ತಿ ಚೇತರಿಸಿಕೊಂಡ ಮೇಲೆ ತಾರೀಕು ಹಾಕುತ್ತಾರೆ.

ಎರಡನೆಯದು ರಸ್ತೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ದೇವಿಮನೆ, ಅರಬೈಲ್ ಘಾಟಿಗಳೂ ಮಳೆಯಲ್ಲಿ ನಂಬುವಂತಿಲ್ಲ. ಕ್ಲೋಪಿಡೋಗ್ರೆಲ್ ನಿಲ್ಲಿಸಿ ಐದು ದಿನ ಕಾದು, ಹೊರಡುವ ದಿನ ದಾರಿ ಬಂದ್ ಆದರೆ ಮಾತ್ರೆಯೂ ಇಲ್ಲ ಆಪರೇಶನ್ನೂ ಇಲ್ಲ ಅಂತಾಗುತ್ತದೆ. ಹಾಗೇನಾದರೂ ಆದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ ಮಾತ್ರೆ ಮತ್ತೆ ಶುರು ಮಾಡಬೇಕಾ ಕೇಳಿ.

ಮನೆಗೆ ಬಂದ ಮೇಲೆ ತೊಡೆಯೆಲ್ಲ ಕಪ್ಪು-ನೀಲಿ ಆಗಿದೆ.

ಒಳಗೆ ಒಸರಿದ ರಕ್ತ ಕೆಳಗಿಳಿಯುತ್ತದೆ, ಮಂಡಿಯವರೆಗೂ ಬರಬಹುದು. ಬಣ್ಣ ಹಸಿರು, ಹಳದಿಗೆ ತಿರುಗಿ ಎರಡು ಮೂರು ವಾರದಲ್ಲಿ ಹೋಗುತ್ತದೆ. ಎಣ್ಣೆ ಹಚ್ಚಿ ತಿಕ್ಕಬೇಡಿ.

ಕಾಯದೆ ಹೋಗಬೇಕಾದದ್ದು ಇವಕ್ಕೆ: ಬ್ಯಾಂಡೇಜ್ ಬದಲಿಸಿದ ಕೂಡಲೇ ಮತ್ತೆ ನೆನೆಯುವುದು, ತೊಡೆ ಗಟ್ಟಿಯಾಗಿ ಊದುತ್ತಲೇ ಹೋಗುವುದು, ಮೀನಖಂಡದಲ್ಲಿ ಒಂದೇ ಕಡೆ ನೋವು ಬಾವು, ಇದ್ದಕ್ಕಿದ್ದಂತೆ ಏದುಸಿರು ಅಥವಾ ಎದೆನೋವು, ಡಾಂಬರಿನಂಥ ಮಲ, ಎದ್ದು ನಿಂತರೆ ತಲೆ ಸುತ್ತಿ ಬೀಳುವಂತಾಗುವುದು. ರಾತ್ರಿ ಅಂತ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಹಿಮೋಗ್ಲೋಬಿನ್ ಮತ್ತೆ ಮೊದಲಿನಂತಾಗಲು ಎಷ್ಟು ದಿನ ಬೇಕು?

ಒಂದರಿಂದ ಎರಡು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಸುಸ್ತು ಇರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಆಪರೇಶನ್ ಆದ ಮೊದಲ ಒಂದೆರಡು ವಾರ ಉರಿಯೂತ ಇರುವ ಕಾರಣ ಐರನ್ ಮಾತ್ರೆ ಅಷ್ಟಾಗಿ ಹತ್ತುವುದಿಲ್ಲ. ಅದಕ್ಕೇ ಮೊದಲೇ ತುಂಬಿಕೊಂಡು ಬನ್ನಿ ಅಂತ ಅಷ್ಟು ಹೇಳಿದ್ದು. ಮುಂಚೆಯೇ ಕಬ್ಬಿಣ ಕಡಿಮೆ ಇತ್ತು ಅಂತಿದ್ದರೆ, ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಲು ಹೇಳುತ್ತಾರೆ, ದಾಸ್ತಾನು ತುಂಬಬೇಕಲ್ಲ. ಹೊಲಿಗೆ ತೆಗೆಸಲು ಹೋದ ದಿನ ಮುಂದಿನ ರಕ್ತ ಪರೀಕ್ಷೆ ಯಾವಾಗ ಅಂತ ಕೇಳಿ, ಡಿಸ್ಚಾರ್ಜ್ ಚೀಟಿಯ ಮೇಲೇ ಬರೆಸಿಕೊಳ್ಳಿ.